ಮಬ್ಬು ಗಾಜಿಗೆ ಹಚ್ಚಿದ ಟೇಪು

ಆ ದಿನ ಪೆದ್ದನಾದವನು ನಾನೇ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೋದ ವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ಅಕ್ಕ ಸುಜಾತಾಳನ್ನು ನೋಡಲು ಐನಾಪುರದಿಂದ ರಾಯಬಾಗದ ನಮ್ಮ ಮನೆಗೆ ಗಂಡಿನವರು ಬಂದಿದ್ದರು. ಕಂಡವರ ದನಿ ಅಣಕಿಸುವುದು ನನ್ನ ಚಟ. ಹಿಂದಿನ ಸಂಬಂಧ ತಪ್ಪಿದ್ದೇ ನಾನು ಹುಡುಗನ ಅಪ್ಪನ ಕೆಮ್ಮನ್ನು ಅವರೆದುರೇ ಕೆಮ್ಮಿ ತೋರಿಸಿದ್ದರಿಂದ. ಹಾಗಾಗಿ ಅವ್ವ ಬೆಳಿಗ್ಗೆಯೇ ಎಚ್ಚರಿಸಿದ್ದಳು: "ಇದೂ ತಪ್ಪಿತಂದ್ರ ನಿನ್ನ ಮನ್ಯಾಗ ಇಟ್ಗೊಳ್ಳೂದಿಲ್ಲ. ಇವತ್ತ ನಿನ್ನ ಬಾಯಿ ಯಾರಿಗೂ ಕಾಣಬಾರ್ದು ನೋಡ್!"

ಬಾಯಿ ಮುಚ್ಚಿದೆ. ಕಣ್ಣು ಮುಚ್ಚು ಎಂದು ಅವ್ವ ಹೇಳಿರಲಿಲ್ಲವಲ್ಲ. ಹುಡುಗ ಮಹೇಶ ಬಲಗೈಗೆ ಬಿಳಿ ಕರವಸ್ತ್ರ ಸುತ್ತಿಕೊಂಡಿದ್ದ. ಅವಲಕ್ಕಿ ಮುಟ್ಟಲಿಲ್ಲ, ಚಹಾ ಕುಡಿದ, ಅದೂ ಎಡಗೈಯಲ್ಲಿ. ಅವನ ಅಪ್ಪ ಕರಿ ಮೀಸೆ ತೀಡುತ್ತ, "ನಮ್ಮ ಹುಡುಗಂದು ಏನೂ ಮುಚ್ಚುಮರಿ ಇಲ್ರಿ" ಎಂದರು. ಕೇಳದೆಯೇ ಯಾಕೆ ಹೇಳಬೇಕು? ಅಂಗೈ ಮೇಲೆ ಬೇರೆ ಹುಡುಗಿಯ ಹೆಸರಿನ ಹಚ್ಚೆ ಇದೆ ಎಂದು ನಾನು ತೀರ್ಮಾನಿಸಿಬಿಟ್ಟೆ.

ಇಬ್ಬರೇ ಮಾತಾಡಲಿ ಎಂದು ಹಿರಿಯರು ಅವರನ್ನು ಒಳಕೋಣೆಗೆ ಕಳಿಸಿದರು. ಬಾಗಿಲಿಗೆ ಮಬ್ಬು ಗಾಜು. ಹೊರಗಿನಿಂದ ಕಂಡದ್ದು ಎರಡು ಮಸುಕು ಆಕಾರ. ಬಿಳಿಯದೇನೋ ಬಿಚ್ಚಿಕೊಂಡಿತು, ಅಕ್ಕ ಬಾಯಿಗೆ ಕೈ ಅಡ್ಡ ಹಿಡಿದಳು. ಅಳುತ್ತಿದ್ದಾಳೆಯೇ?

ಮಬ್ಬು ಗಾಜಿನ ಒರಟು ಮೈ ಬೆಳಕನ್ನು ಚದುರಿಸುತ್ತದೆ, ಅದರ ಮೇಲೆ ಪಾರದರ್ಶಕ ಟೇಪು ಒತ್ತಿದರೆ ಅಂಟು ಆ ತಗ್ಗುಗಳನ್ನು ತುಂಬಿ ಬೆಳಕು ನೆಟ್ಟಗೆ ದಾಟುತ್ತದೆ ಎಂದು ಕಾಲೇಜಿನಲ್ಲಿ ಕಲಿತಿದ್ದೆ. ಕಾಲೇಜಿನಿಂದ ನನಗಾದ ಉಪಯೋಗ ಅದೊಂದೇ. ಬಡಿಗ ಒರಟು ಮೈಯನ್ನು ಹೊರಗೆ ಮಾಡಿಯೇ ಗಾಜು ಕೂರಿಸಿದ್ದ. ಸ್ವಲ್ಪ ಬಗ್ಗಿ, ಎರಡು ಬೆರಳಗಲದ ಟೇಪು ಅಡ್ಡ ಅಂಟಿಸಿ, ಉಗುರಿನಿಂದ ಉಜ್ಜಿ, ಕಣ್ಣಿಟ್ಟೆ.

ಹಚ್ಚೆಯಲ್ಲ, ಹುಡುಗನ ಇಡೀ ಅಂಗೈ ಕಪ್ಪಗಿತ್ತು! ಅಕ್ಕ ಅಳುತ್ತಿರಲಿಲ್ಲ, ನಗು ತಡೆಯುತ್ತಿದ್ದಳು.

"ಮುಂಜಾನಿ ನಮ್ಮ ಅಪ್ಪನ ಮೀಸಿಗೆ ಬಣ್ಣ ಹಚ್ಚೀನ್ರಿ. ಎಷ್ಟ್ ತೊಳದ್ರೂ ಹೋಗವಲ್ದು" ಎನ್ನುತ್ತಿದ್ದ ಅವನು.

ನನ್ನ ಬಾಯಿ ಇನ್ನು ನಿಲ್ಲುತ್ತದೆಯೇ? ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತ, ಅವನ ಅಪ್ಪನದೇ ದನಿಯಲ್ಲಿ, "ಏನೂ ಮುಚ್ಚುಮರಿ ಇಲ್ರಿ!" ಎಂದೆ.

ಒಳಗಿನ ಎರಡೂ ಮಸುಕು ಆಕಾರಗಳು ಬಾಗಿಲ ಕಡೆ ತಿರುಗಿದವು. ನನಗೆ ಅವರು ಕಂಡರೆ ಅವರಿಗೆ ನಾನೂ ಕಾಣುತ್ತೇನೆ ಎಂಬುದು ಆಗ ಹೊಳೆಯಿತು. ನೆಟ್ಟಗೆ ನಿಂತದ್ದರಿಂದ ಆ ಪಟ್ಟಿಗೆ ಸರಿಯಾಗಿ ನನ್ನ ಬಾಯಿ ಬಂದಿತ್ತು. ಅಕ್ಕನ ಈ ಸಂಬಂಧವನ್ನೂ ಕೆಡಿಸಿದೆ ಎಂದುಕೊಂಡೆ. ಈಗಲೂ ಮಬ್ಬು ಗಾಜು ಕಂಡರೆ ತುಟಿ ತಾನೇ ಬಿಗಿದುಕೊಳ್ಳುತ್ತದೆ.

ಆಗ ಮಹೇಶ ಒಳಗಿನಿಂದ, ಹೆಂಡತಿಯ ತಮ್ಮನನ್ನು ಕರೆಯುವ ಸಲಿಗೆಯಲ್ಲೇ ಕೂಗಿ ಹೇಳಿದ:

"ಅಳ್ಯಾ, ಮ್ಯಾಲ ಇನ್ನೊಂದ್ ಪಟ್ಟಿ ಹಚ್ಚೋ. ಬಾಯಿ ನೋಡಿದ್ವಿ, ಮಾರೀನೂ ನೋಡೂಣು!"