ಕಣ್ಣಿಗೆ ಬೀಳದ ಕೆಂಪು ಚುಕ್ಕಿ

ಮಂಡ್ಯದ ಪ್ರಯೋಗಶಾಲೆಯಲ್ಲಿ ಎರಡು ವರ್ಷ ಕೆಲಸ ಮಾಡಿದ ಮೇಲೆ ನನ್ನನ್ನು ಮಳವಳ್ಳಿಯ ಆಸ್ಪತ್ರೆಗೆ ಹಾಕಿದರು. ಯುದ್ಧದ ಕಾಲ. ನಾಲೆ ಬಂದು ಹೊಲಗಳು ಗದ್ದೆಯಾದ ಕಡೆಯೆಲ್ಲ ಸೊಳ್ಳೆಯೂ ಬಂದಿತ್ತು, ಅದರ ಹಿಂದೆಯೇ ಚಳಿಜ್ವರವೂ ಬಂದಿತ್ತು. ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಿ, ಒಂದು ತೊಟ್ಟು ರಕ್ತವನ್ನು ಗಾಜಿನ ಮೇಲೆ ತೆಳ್ಳಗೆ ಎಳೆದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು ನನ್ನ ಕೆಲಸ. ಆ ಜ್ವರ ತರುವುದು ಒಂದೇ ಒಂದು ಕಣದ ಜೀವಿ. ಅದು ನಮ್ಮ ರಕ್ತಕಣದೊಳಗೇ ಸಂಸಾರ ಹೂಡುತ್ತದೆ. ಬಣ್ಣ ಸರಿಯಾಗಿ ಹಿಡಿದರೆ ಅದರ ಮೈ ನೀಲಿ, ಒಳಗಿನ ಬೀಜ ಕೆಂಪು. ಆ ಕೆಂಪು ಚುಕ್ಕಿ ಕಂಡರೆ ಮಾತ್ರ ನಾನು ಚೀಟಿಯಲ್ಲಿ 'ಇದೆ' ಎಂದು ಬರೆಯುತ್ತಿದ್ದೆ.

ಈ ಜ್ವರದ ಮದ್ದು, ಜಾವಾದಿಂದ ಬರುತ್ತಿದ್ದ ಕ್ವಿನೈನ್, ನಿಂತುಹೋಗಿತ್ತು. ಇದ್ದಷ್ಟು ಗುಳಿಗೆಯನ್ನು ಚೀಟಿಯಲ್ಲಿ 'ಇದೆ' ಎಂದಿದ್ದವರಿಗಷ್ಟೇ ಕೊಡಬೇಕೆಂದು ನಮ್ಮ ಡಾಕ್ಟರಿಗೆ ಆಜ್ಞೆ ಬಂದಿತ್ತು. ನನಗಾಗ ಇಪ್ಪತ್ತಮೂರು. ನನ್ನ ಕಣ್ಣು ತಪ್ಪುವುದಿಲ್ಲವೆಂದು ಗಟ್ಟಿಯಾಗಿ ನಂಬಿದ್ದೆ.

ಒಂದು ಬೆಳಿಗ್ಗೆ ನಾಲೆ ಪಕ್ಕದ ಹಳ್ಳಿಯಿಂದ ಒಬ್ಬ ಹೆಂಗಸು ಸೊಸೆಯನ್ನು ಗಾಡಿಯಲ್ಲಿ ಮಲಗಿಸಿಕೊಂಡು ಬಂದಳು. ನಾಲ್ಕು ದಿನದ ಹಿಂದೆ ಆ ಹುಡುಗಿಯ ರಕ್ತ ತೆಗೆದು 'ಇಲ್ಲ' ಎಂದು ಬರೆದಿದ್ದೆ. ಈಗ ಅವಳ ತುಟಿ ಬೆಳ್ಳಗಾಗಿತ್ತು.

"ದಿನ ಬುಟ್ಟು ದಿನ ಬತ್ತದೆ ಕಣಪ್ಪ. ಒತ್ತು ನೆತ್ತಿಗೆ ಬಂದ್ರೆ ಸಾಕು, ಗಡಗಡ ನಡುಗ್ತಾಳೆ. ಮೂರು ಕಂಬ್ಳಿ ಒದುಸಿದ್ರೂ ನಿಲ್ಲಾಕಿಲ್ಲ," ಎಂದಳು.

ಮತ್ತೊಮ್ಮೆ ರಕ್ತ ತೆಗೆದು ನೋಡಿದೆ. "ಏನೂ ಇಲ್ಲಮ್ಮ. ಇದು ಬೇರೆ ಜ್ವರ."

"ಏನೂ ಇಲ್ವಾ? ನಿನ್ ಗಾಜು ಕುರ್ಡು ಕಣಪ್ಪ. ನಮ್ಮವ್ವ ಇಂಗೇ ನಡುಗಿ ನಡುಗಿ ಸತ್ತೋದ್ಲು. ನಂಗೊತ್ತಿಲ್ವಾ?"

ಗಾಡಿ ಹೋದ ಮೇಲೆ ಸಿಟ್ಟಿನಲ್ಲೇ ಕುಳಿತೆ. ಆಮೇಲೆ ವಹಿ ತಿರುವಿದೆ. ಮೂರು ವಾರದಿಂದ ಪುಟದ ತುಂಬ 'ಇಲ್ಲ', 'ಇಲ್ಲ'. ಊರೂರೇ ನಡುಗುತ್ತಿರುವಾಗ ಇದು ಸಾಧ್ಯವೇ? ಮಂಡ್ಯದಲ್ಲೇ ಬಣ್ಣ ಹಾಕಿ ತಂದಿದ್ದ, ಜ್ವರ ಖಚಿತವಾಗಿದ್ದ ಒಂದು ಹಳೆಯ ಗಾಜನ್ನು ಸೂಕ್ಷ್ಮದರ್ಶಕಕ್ಕಿಟ್ಟು ನೋಡಿದೆ. ಕೆಂಪು ಚುಕ್ಕಿ ಎದ್ದು ಕಾಣುತ್ತಿತ್ತು. ಬಿಳಿ ರಕ್ತಕಣದ ಬೀಜ ಒಳ್ಳೆ ನೇರಳೆ ಬಣ್ಣಕ್ಕಿತ್ತು. ಅದನ್ನು ತೆಗೆದು ಹುಡುಗಿಯ ಗಾಜನ್ನಿಟ್ಟೆ. ಎಲ್ಲವೂ ಬೂದಿ ಕಲಸಿದಂಥ ನೀಲಿ. ಕೆಂಪೆಂಬುದೇ ಇಲ್ಲ.

ಕಣ್ಣು ಅದೇ, ಯಂತ್ರ ಅದೇ, ಬಣ್ಣದ ಶೀಷೆಯೂ ಅದೇ. ಬದಲಾಗಿದ್ದು ನೀರೊಂದೇ. ಬಣ್ಣಕ್ಕೆ ಬೆರೆಸಲು ಮಂಡ್ಯದಿಂದ ಬರುತ್ತಿದ್ದ ಬಟ್ಟಿ ಇಳಿಸಿದ ನೀರು ಮುಗಿದು ಮೂರು ವಾರವಾಗಿತ್ತು. ಬರುತ್ತದೆ ಬರುತ್ತದೆ ಎಂದು ಕಾದು, ಹಿತ್ತಲ ಬಾವಿಯ ನೀರನ್ನೇ ಸೋಸಿ ಬಳಸುತ್ತಿದ್ದೆ. ಆ ನೀರಲ್ಲಿ ಬೇಳೆ ಬೇಯುವುದಿಲ್ಲವೆಂದು ಪಕ್ಕದ ಮನೆಯಾಕೆ ದಿನಾ ಗೊಣಗುವುದು ನನ್ನ ಕಿವಿಗೂ ಬಿದ್ದಿತ್ತು. ಬೇಳೆಗಾಗದ ನೀರು ಬಣ್ಣಕ್ಕೆ ಹೇಗಾದೀತು ಎಂದು ಮಾತ್ರ ಹೊಳೆದಿರಲಿಲ್ಲ.

ಡಾಕ್ಟರ ಮುಂದೆ ಹೋಗಿ ನಿಂತು ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. "ಬೇರೆ ನೀರು ಎಲ್ಲಿ ಸಿಗುತ್ತೆ?" ಎಂದಷ್ಟೇ ಕೇಳಿದರು.

"ಬ್ಲಫಿನಲ್ಲಿ ಸರ್. ಅಲ್ಲಿ ಜಲಪಾತದ ಹತ್ತಿರದ ಕರೆಂಟ್ ಮನೆಯ ಬ್ಯಾಟರಿಗೆ ಬಟ್ಟಿ ಇಳಿಸಿದ ನೀರನ್ನೇ ಹಾಕ್ತಾರೆ."

"ನಾಳೆ ಬೆಳಿಗ್ಗೆಯೇ ಹೊರಡು."

ಪೆಟ್ರೋಲ್ ಸಿಗದ ಕಾಲ, ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು. ಏರು ಬಂದಲ್ಲೆಲ್ಲ ನಾವೇ ಇಳಿದು ನೂಕಿದೆವು. ಬ್ಲಫಿನಲ್ಲಿ ಬ್ಯಾಟರಿ ಕೋಣೆ ನೋಡಿಕೊಳ್ಳುತ್ತಿದ್ದ ಹಿರಿಯರು ಡಾಕ್ಟರ ಕಾಗದ ಓದಿ, ನನ್ನ ಎರಡು ಜಾಡಿಗಳನ್ನೂ ತಮ್ಮ ಕೈಯಿಂದಲೇ ತೊಳೆದು ತುಂಬಿಸಿಕೊಟ್ಟರು. "ಮುಗಿದ್ರೆ ಮತ್ತೆ ಬನ್ನಿ. ಬಾವಿ ನೀರು ಮಾತ್ರ ಹಾಕಬೇಡಿ," ಎಂದರು. ಹಿಂದಿರುಗುವಾಗ ಬಸ್ಸು ನೂಕಲು ಇಳಿಯಲಿಲ್ಲ. ಜಾಡಿಗಳನ್ನು ತಬ್ಬಿ ಕೂತೇ ಇದ್ದೆ.

ಒಬ್ಬೊಬ್ಬರದೂ ಎರಡೆರಡು ಗಾಜು ಎಳೆದು, ಒಂದನ್ನು ಬಣ್ಣ ಹಾಕದೆ ಎತ್ತಿಡುವುದು ನನ್ನ ರೂಢಿ. ಅದು ಈಗ ಕೈಹಿಡಿಯಿತು. ಮೊದಲು ಆ ಹುಡುಗಿಯದಕ್ಕೆ ಬಣ್ಣ ಹಾಕಿದೆ. ಗಾಜನ್ನು ಅತ್ತಿತ್ತ ಜರುಗಿಸುವ ಮೊದಲೇ ಕಂಡಿತು: ನೀಲಿ ಮೈ, ಅದರೊಳಗೆ ಕೆಂಪು ಚುಕ್ಕಿ. ಪಕ್ಕದಲ್ಲಿ ಇನ್ನೊಂದು. ಸಂತೋಷವೂ ಆಯಿತು, ನಾಚಿಕೆಯೂ ಆಯಿತು. ಗುಳಿಗೆ ತೆಗೆದುಕೊಂಡು ಸೈಕಲ್ಲಿನಲ್ಲಿ ನೇರ ಅವರ ಹಳ್ಳಿಗೆ ಹೋದೆ.

"ತಪ್ಪು ನನ್ನದಮ್ಮ. ನಿಮ್ಮ ಸೊಸೆಗೆ ಚಳಿಜ್ವರವೇ."

"ಅದ್ನೇ ಅಲ್ವಾ ನಾನ್ ಏಳಿದ್ದು?" ಎಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಸರಿ ಬುಡು. ಬಂದು ಏಳಿದ್ಯಲ್ಲ. ಒಳೀಕೆ ಬಾ, ಮಜ್ಗೆ ಕುಡಿ."

ಉಳಿದ ಗಾಜುಗಳನ್ನು ನೋಡಿ ಮುಗಿಸಲು ಮೂರು ದಿನ ಹಿಡಿಯಿತು. 'ಇದೆ' ಎಂದಾದವರ ಮನೆಗಳಿಗೆಲ್ಲ ನಾನೇ ಹೋದೆ. ಒಂದು ಮನೆಗೆ ತಡವಾಗಿ ಹೋದೆ. ಆ ಮನೆಯ ರೈತ ತೀರಿಕೊಂಡು ಆರು ದಿನವಾಗಿತ್ತು. ಸುಮ್ಮನೆ ಹಿಂದಿರುಗಬಹುದಿತ್ತು. ಜಗಲಿಯ ಮೇಲೆ ಕುಳಿತು ಅವನ ಅಣ್ಣನಿಗೆ ಇದ್ದದ್ದನ್ನು ಇದ್ದಂತೆಯೇ ಹೇಳಿದೆ. ಆತ ಒಳಗಿನಿಂದ ಎರಡು ಮಕ್ಕಳನ್ನು ಕರೆತಂದ. "ಅವ್ನ್ ಮಕ್ಳಿಗೂ ಮೈ ಬಿಸಿ ಅದೆ. ಅವ್ರದ್ದಾದ್ರೂ ನೆಟ್ಗೆ ನೋಡಪ್ಪ," ಎಂದ. ಅಲ್ಲೇ ರಕ್ತ ತೆಗೆದೆ. ಇಬ್ಬರಿಗೂ ಇತ್ತು. ಇಬ್ಬರೂ ಉಳಿದರು.

ಅಂದಿನಿಂದ ಪ್ರತಿ ಬೆಳಿಗ್ಗೆ ಮೊದಲು ನನ್ನ ಬೆರಳಿಗೇ ಚುಚ್ಚಿಕೊಂಡು ಬಣ್ಣ ಪರೀಕ್ಷಿಸುತ್ತಿದ್ದೆ. ಬಿಳಿ ಕಣದ ಬೀಜ ನೇರಳೆಯಾದರೆ ಕೆಲಸ ಶುರು, ಇಲ್ಲದಿದ್ದರೆ ಅಂದು ಬೇರೆಯವರ ಗಾಜು ಮುಟ್ಟುತ್ತಿರಲಿಲ್ಲ. ಆಮೇಲೆ ನಾನು 'ಇಲ್ಲ' ಎಂದು ಬರೆದರೆ ನಿಜಕ್ಕೂ ಇಲ್ಲವೆಂದೇ ಅರ್ಥ.

ತಿಂಗಳಾದ ಮೇಲೆ ಅತ್ತೆ ಸೊಸೆ ಇಬ್ಬರೂ ನಡೆದೇ ಬಂದರು. ಹುಡುಗಿಯ ಮುಖದಲ್ಲಿ ಕಳೆ ಬಂದಿತ್ತು. ಅತ್ತೆಗೆ ಆ ಜೀವಿಯನ್ನು ನೋಡಲೇಬೇಕಂತೆ. ಸೊಸೆಯ ಹಳೆಯ ಗಾಜನ್ನೇ ಇಟ್ಟು ಕೂರಿಸಿದೆ. ಒಂದು ಕಣ್ಣು ಮುಚ್ಚಲು ಬಾರದೆ ಸೆರಗು ಅಡ್ಡ ಹಿಡಿದು ನೋಡಿದಳು.

"ಅಯ್, ಕೆಂಪ್ ಕಲ್ಲಿನ ಉಂಗ್ರ ಇದ್ದಂಗದೆ ಕಣೇ! ಇಷ್ಟ್ ಚೆಂದಾಗಿರೋದು ಅಂಗ್ ನಡುಗುಸ್ತಾ?" ಎಂದು ಸೊಸೆಯನ್ನೂ ಕರೆದು ತೋರಿಸಿದಳು. ಆಮೇಲೆ ತನ್ನ ಬೆರಳನ್ನೇ ನನ್ನ ಮುಂದೆ ಚಾಚಿದಳು. "ಚುಚ್ಚು. ನಾಡಿದ್ದು ನಮ್ಮೂರ್ಗೆ ಬಾ, ಎಲ್ರ ಬೆರಳ್ನೂ ಕೊಡುಸ್ತೀನಿ."

ಹೋದೆ. ಹಿಂದೆ ಸೂಜಿ ಕಂಡರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಊರು ಅದು. ಅಂದು ಎಲ್ಲರೂ ಬೆರಳು ಕೊಟ್ಟರು.