ಅತ್ತೆಯವರು ಕೂತ ದಿನ ಇಳಿಯುತ್ತಿದ್ದ ನೀರು

ನಾನು ಕಾರು ಓಡಿಸಲು ಕಲಿತದ್ದು ನಲವತ್ತಾರನೆಯ ವಯಸ್ಸಿನಲ್ಲಿ. ಮನೆ ಚಿಕ್ಕೋಡಿಯಲ್ಲಿ, ವಿಜ್ಞಾನ ಕಲಿಸುವುದು ರಾಯಬಾಗ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ. ಬಸ್ಸಿನ ದಾರಿ ಕಾಯ್ದು ಸಾಕಾಗಿ, ಐನಾಪುರದ ಒಬ್ಬ ದ್ರಾಕ್ಷಿ ಬೆಳೆಗಾರರಿಂದ ಅವರ ಹಳೆಯ ಬಿಳಿ ಕಾರು ಕೊಂಡೆ. ಅವರು ಬಾನೆಟ್ಟಿನ ಮೇಲೆ ಕೈಯಿಟ್ಟು, "ಒಂದ ದಿನಾ ಸುದ್ದಾ ಕೈ ಕೊಟ್ಟಿಲ್ರೀ ಅಕ್ಕಾರ, ಖರೇನ ಹೇಳ್ತೇನಿ" ಎಂದಿದ್ದರು. ಸುಳ್ಳು ಹೇಳುವ ಮುಖವಲ್ಲ ಅದು.

ಮೂರನೆಯ ವಾರ ಶಾಲೆಯಿಂದ ಬರುವಾಗ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡೆ. ಎರಡು ಟ್ರೇಲರ್ ತುಂಬ ಕಬ್ಬು. ಹಿಂದಿಕ್ಕುವ ಧೈರ್ಯ ನನಗಿಲ್ಲ, ದಾರಿ ಬಿಡುವ ಮನಸ್ಸು ಅವನಿಗಿಲ್ಲ. ಹಾಗೇ ತೆವಳುತ್ತಿದ್ದಾಗ ಎದುರಿನ ಬಿಸಿಯ ಮುಳ್ಳು ಕೆಂಪು ಗೆರೆ ಮುಟ್ಟಿತು. ಗಾಡಿ ಬದಿಗೆ ಹಾಕಿ, ಅರ್ಧ ತಾಸು ಆರಲು ಬಿಟ್ಟು, ಬಾನೆಟ್ ಎತ್ತಿದೆ. ಇಂಜಿನ್ ತಣ್ಣಗಿಡುವ ಹಸಿರು ನೀರು, ಕೂಲಂಟ್, ಅದರ ಡಬ್ಬಿಯಲ್ಲಿ ಒಂದು ಹನಿಯೂ ಇರಲಿಲ್ಲ.

ಪಕ್ಕದ ಸೀಟಿನಲ್ಲಿ ನನ್ನ ಅತ್ತೆಯವರಿದ್ದರು. ಎಪ್ಪತ್ತೆರಡು ವರ್ಷ. ನನ್ನ ಶಾಲೆಯ ದಾರಿಯ ಅಲಖನೂರದಲ್ಲಿ ಅವರ ತಂಗಿಯ ಮನೆ. ಕಾರು ಬಂದಾಗಿನಿಂದ ವಾರದಲ್ಲಿ ಎರಡು ದಿನ ಬೆಳಿಗ್ಗೆ ನನ್ನ ಜೊತೆ ಹೊರಡುತ್ತಿದ್ದರು. ಸಂಜೆ ನಾನು ಕರೆದುಕೊಂಡು ಬರಬೇಕು. ಹಿಂದೆ ಕೂತರೆ ಹೊಟ್ಟೆ ತೊಳಸುತ್ತದೆಂದು ಮುಂದೆಯೇ ಕೂರುವುದು. ಬರುವಾಗ ಎರಡು ಕಾಲುಗಳ ನಡುವೆ ಒಂದು ಸ್ಟೀಲ್ ಕ್ಯಾನು, ಅದರ ತುಂಬ ತಂಗಿಯ ಗಾಣದ ಜೋನಿಬೆಲ್ಲ, ಪಾಕದಂಥ ನೀರುಬೆಲ್ಲ.

ಇಬ್ಬರ ಕುಡಿಯುವ ನೀರಿನ ಬಾಟಲಿಗಳನ್ನೂ ಡಬ್ಬಿಗೆ ಸುರಿದು ಮನೆ ಮುಟ್ಟಿದೆವು.

ನಿಪ್ಪಾಣಿ ರಸ್ತೆಯಲ್ಲಿ ಒಬ್ಬ ಹಿರಿಯ ಮಿಸ್ತ್ರಿಯವರ ಗ್ಯಾರೇಜಿದೆ. ಕನ್ನಡ, ಮರಾಠಿ, ಉರ್ದು ಮೂರನ್ನೂ ಒಂದೇ ಉಸಿರಿನಲ್ಲಿ ಆಡುವ ಮನುಷ್ಯ. ಅವರು ಗಾಡಿಯ ಕೆಳಗೆ ಮಲಗಿ ನೋಡಿದರು, ಪೈಪುಗಳನ್ನು ಹಿಂಡಿ ನೋಡಿದರು, ರೇಡಿಯೇಟರಿಗೆ ಪಂಪು ಹಚ್ಚಿ ಗಾಳಿ ತುಂಬಿ ಅದರ ಮುಳ್ಳನ್ನೇ ದಿಟ್ಟಿಸುತ್ತ ಒಂದು ಬೀಡಿ ಮುಗಿಸಿದರು. ಮುಳ್ಳು ಅಲುಗಲಿಲ್ಲ.

"ಬಿಲ್ಕುಲ್ ಸೋರಿಲ್ರೀ. ಡಬ್ಬಿ ಮ್ಯಾಲಿನ ಟೋಪಣ ಸಡ್ಲ ಇದ್ದಂಗೈತಿ, ಹೊಸಾದು ಹಾಕ್ತೇನಿ. ನೀವ ದಿನಾ ನೀರ ನೋಡಿ ಬರದಿಡ್ರಿ. ಎರಡ ವಾರ ಬಿಟ್ಟ ಬರ್ರಿ."

ವಿಜ್ಞಾನದ ಶಿಕ್ಷಕಿಗೆ ಬರೆದಿಡಲು ಹೇಳಿದರೆ ಕೇಳಬೇಕೇ? ಒಂದು ನೋಟುಬುಕ್ಕಿಗೆ ಗೆರೆ ಎಳೆದೆ. ದಿನ, ಓಡಿದ ದೂರ, ಡಬ್ಬಿಯಲ್ಲಿ ನೀರು ಎಷ್ಟು ಬೆರಳು, ಷರಾ. ಒಂದು ವಾರ ಕಳೆದು ನೋಡಿದಾಗ ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ನಾನೊಬ್ಬಳೇ ಹೋದ ದಿನ ನೀರು ಇದ್ದಲ್ಲೇ ಇತ್ತು. ಅತ್ತೆಯವರು ಕೂತ ದಿನ ಎರಡು ಬೆರಳು ಇಳಿದಿತ್ತು.

ಯಜಮಾನರಿಗೆ ತೋರಿಸಿದೆ. ಅವರು ಔಷಧಿ ಅಂಗಡಿಯವರು, ಎಲ್ಲವನ್ನೂ ನಿಧಾನವಾಗಿ ಓದುತ್ತಾರೆ. ಓದಿ, ಒಳಕೋಣೆಯ ಕಡೆ ಒಮ್ಮೆ ನೋಡಿ, "ಅವ್ವ ಕೂಲಂಟ್ ಕುಡಿಯಾಕತ್ತಾಳಂತ ಬರದೀಯೇನ?" ಎಂದರು.

ನಾನು ಕಾರಿನ ಬಳಿ ಹೋಗಿ ಅತ್ತೆಯವರು ಕಾಲಿಡುವ ಜಾಗದಲ್ಲಿ ಕೈಯಾಡಿಸಿದೆ. ಮ್ಯಾಟು ಒದ್ದೆ! ಬೆರಳಿಗೆ ಅಂಟಂಟು. ಮೂಸಿದರೆ ಸಿಹಿ ವಾಸನೆ. ನಾಲಿಗೆಗೂ ಹಚ್ಚಿ ನೋಡುವವಳಿದ್ದೆ, ಮ್ಯಾಟಿನ ಮಣ್ಣು ಕಂಡು ಬಿಟ್ಟೆ. ಇನ್ನೇನು, ಜೋನಿಬೆಲ್ಲ. ನೀರಿನ ಗುಟ್ಟು ಬೇರೆ, ಇದು ಬೇರೆ ಎಂದುಕೊಂಡು, ಸಿಕ್ಕ ಒಂದು ತಪ್ಪನ್ನಾದರೂ ಸರಿಪಡಿಸೋಣವೆಂದು ಒಳಗೆ ಹೋದೆ.

"ಅತ್ತಿ, ನಿಮ್ಮ ಕ್ಯಾನ್ ಸ್ವಲ್ಪ ಸೋರಾಕತ್ತೈತೇನ್ರಿ?"

ಅವರು ಎದ್ದು ಕ್ಯಾನು ತಂದು, ಮುಚ್ಚಳ ಬಿಗಿದು, ತುಳಸಿಕಟ್ಟೆಯ ಮುಂದೆ ತಲೆಕೆಳಗು ಮಾಡಿ ಹಿಡಿದರು. ಒಂದು ನಿಮಿಷ, ಎರಡು ನಿಮಿಷ. ಹನಿ ಬೀಳಲಿಲ್ಲ.

"ನನ್ನ ಲಗ್ನದಾಗ ಕೊಟ್ಟ ಕ್ಯಾನ್ ಇದು. ಒಂದ ದಿನಾ ಸೋರಿಲ್ಲ. ನಿನ್ನ ಗಾಡಿನ ನನ್ನ ಕಾಲ ಮ್ಯಾಲ ನೀರ ಬಿಡತೈತಿ. ಸೀರಿ ಅಂಚ ಎಲ್ಲಾ ಅಂಟ ಆಗೇತಿ, ಸುಮ್ನ ಅದೀನಿ. ನಾಳೆಯಿಂದ ಬಸ್ಸಿಗೆ ಹೋಗ್ತೇನಿ. ಹೆಂಗಸರಿಗೆ ಟಿಕೀಟೂ ಇಲ್ಲ, ಕ್ಯಾನ್ ಮೂಸಾವ್ರೂ ಇಲ್ಲ."

ಕಾಲ ಮೇಲೆ ನೀರು ಬಿಡುತ್ತದೆ ಎಂದು ಅವರು ಅಷ್ಟು ಸ್ಪಷ್ಟವಾಗಿ ಹೇಳಿದ್ದರು. ನಾನು ಅದನ್ನು ಸಿಟ್ಟಿನ ಮಾತೆಂದು ತೆಗೆದುಕೊಂಡೆ. ಷರಾ ಅಂಕಣದಲ್ಲಿ "ಅತ್ತೆಯವರು ಮುನಿಸಿಕೊಂಡಿದ್ದಾರೆ" ಎಂದಷ್ಟೇ ಬರೆದೆ.

ಅವರು ಹೇಳಿದಂತೆಯೇ ಬಸ್ಸಿಗೆ ಹೋದರು. ಒಂದು ವಾರ ನೀರು ಕೂದಲೆಳೆಯಷ್ಟೂ ಇಳಿಯಲಿಲ್ಲ. "ಅವ್ವ ಇಳದ ಮ್ಯಾಲ ಗಾಡಿ ಆರಾಮ ಆತ ನೋಡ" ಎಂದು ಯಜಮಾನರು ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದರು. ಮೆಲ್ಲಗೆ ಎಂದು ಅವರು ಅಂದುಕೊಂಡದ್ದು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಒಮ್ಮೆಲೇ ಜೋರಾಯಿತು. ಆಮೇಲೆ ಮೂರು ದಿನ ನಮ್ಮಿಬ್ಬರಿಗೂ ಬಂದದ್ದು ದಪ್ಪ ರೊಟ್ಟಿ.

ಎರಡು ವಾರ ಮುಗಿದಾಗ ಮಿಸ್ತ್ರಿಯವರಿಗೆ ನೋಟುಬುಕ್ಕು ಕೊಟ್ಟೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ನಗಲಿಲ್ಲ.

"ಅತ್ತಿಯವರನ್ನ ಕರ್ಕೊಂಡ ಬರ್ರಿ."

"ಯಾಕ್ರಿ?"

"ಅವರ ಕೂತಾಗ ಇಳಿತೈತಿ ಅಂದ ಮ್ಯಾಲ ಅವರ್ನ ಕೂಡ್ಸೇ ನೋಡಬೇಕಲ್ರಿ."

ಇದನ್ನು ಮನೆಯಲ್ಲಿ ಹೇಳುವುದು ಹೇಗೆ? ಮೊದಲು ಯಜಮಾನರನ್ನು ಕಳಿಸಿದೆ. ಅರ್ಧ ನಿಮಿಷದಲ್ಲಿ ಹೊರಗೆ ಬಂದರು. ಕೊನೆಗೆ ನಾನೇ ಹೋಗಿ, ಮಿಸ್ತ್ರಿ ನಿಮ್ಮನ್ನು ಕರೆಯುತ್ತಿದ್ದಾರೆ ಎಂದೆ.

"ನನ್ನ್ಯಾಕ? ನಂದೂ ಬಾನೆಟ್ ಎತ್ತಿ ನೋಡ್ತಾನೇನ?"

ಆದರೂ ಮರುದಿನ ಬೆಳಿಗ್ಗೆ ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಕ್ಯಾನು ಹಿಡಿದು, ಕೋರ್ಟಿಗೆ ಹೊರಟವರಂತೆ ಬಾಗಿಲಲ್ಲಿ ನಿಂತಿದ್ದರು. ಗ್ಯಾರೇಜಿನಲ್ಲಿ ಇಳಿದವರೇ ಮೊದಲು ಮಾಡಿದ ಕೆಲಸವೆಂದರೆ ಮುಚ್ಚಳ ತೆಗೆದು ಕ್ಯಾನನ್ನು ಮಿಸ್ತ್ರಿಯವರ ಮೂಗಿನ ಹತ್ತಿರ ಹಿಡಿದದ್ದು.

"ಇದನ್ನ ಮೂಸಪಾ. ಆಮ್ಯಾಲ ಆ ಮ್ಯಾಟ್ ಮೂಸು."

ಮಿಸ್ತ್ರಿಯವರು ವಿಧೇಯರಾಗಿ ಎರಡನ್ನೂ ಮೂಸಿದರು. ಮ್ಯಾಟು ಮುಟ್ಟಿದ ಬೆರಳನ್ನು ಬೆಳಕಿಗೆ ಹಿಡಿದರು. ಅವರ ಹುಬ್ಬು ಮೇಲೇರಿತು. "ಇದು ಬ್ಯಾರೆ, ಅದು ಬ್ಯಾರೆ. ಆಯಿ, ನೀವ ದಿನಾ ಹೆಂಗ ಕೂಡ್ತೀರಿ, ಹಂಗ ಕೂಡ್ರಿ."

ಪಂಪು ಹಚ್ಚಿ ಗಾಳಿ ತುಂಬಿದರು. ಮುಳ್ಳು ನಿಂತಿತು. ಅತ್ತೆಯವರು ಹತ್ತಿ ಕೂತರು. ಮುಳ್ಳು ಅಲುಗಲಿಲ್ಲ. ಸೀರೆಯ ನೆರಿಗೆ ಸರಿಮಾಡಿಕೊಂಡರು. ಇಲ್ಲ. ಆಮೇಲೆ ಕೈ ಚಾಚಿ, ಮನೆಯ ರೇಡಿಯೋ ತಿರುಗಿಸಿದಷ್ಟು ಸಲೀಸಾಗಿ, ಎದುರಿನ ಒಂದು ಗುಂಡಿಯನ್ನು ತಿರುಗಿಸಿದರು. ಮುಳ್ಳು ಸರಸರನೆ ಇಳಿಯಿತು.

"ಆಯಿ! ಈಗ ಏನ್ ಮಾಡಿದ್ರಿ?"

"ಏನೂ ಮಾಡಿಲ್ಲಪಾ. ಕೆಂಪ ಕಡೆ ತಿರಗಿಸಿನಿ. ಚಳ್ಯಾಗ ಮೊಣಕಾಲ ಹಿಡಿತಾವ. ತಂಗಿ ಮಗನ ಗಾಡ್ಯಾಗ ನೋಡಿ ಕಲ್ತೇನಿ. ಇಳಿಯೂ ಮುಂದ ಆರಿಸೇ ಇಳಿತೇನಿ, ಹಂಗ ಬಿಟ್ಟ ಹೋಗಾಕಿ ಅಲ್ಲ ನಾ."

ಮಿಸ್ತ್ರಿಯವರು ಹಣೆ ಹಣೆ ಬಡಿದುಕೊಂಡು ನಕ್ಕರು. ಅದು ಹೀಟರಿನ ಗುಂಡಿ. ಅದನ್ನು ತಿರುಗಿಸಿದಾಗ ಇಂಜಿನ್ನಿನ ಬಿಸಿ ನೀರು ಡ್ಯಾಶ್‌ಬೋರ್ಡಿನ ಹಿಂದಿರುವ ಪುಟ್ಟ ರೇಡಿಯೇಟರಿಗೆ ಹರಿಯುತ್ತದಂತೆ. ಅದು ತೂತಾಗಿತ್ತು. ನೀರು ರಸ್ತೆಗೆ ಬೀಳದೆ ನೇರ ಅತ್ತೆಯವರ ಪಾದಕ್ಕೆ ಬೀಳುತ್ತಿತ್ತು. ಸಿಹಿ ವಾಸನೆ ಕೂಲಂಟಿನದೇ. ಕಾರ್ಖಾನೆಗಳು ಕಬ್ಬು ಅರೆಯುವ ಆ ತಿಂಗಳುಗಳಲ್ಲಿ ನಮ್ಮ ಕಡೆ ಗಾಳಿಯೇ ಸಿಹಿಯಾಗಿರುವಾಗ ಯಾರಿಗೆ ಅನುಮಾನ ಬರಬೇಕು? ನಾಲಿಗೆಗೆ ಹಚ್ಚುವವಳಿದ್ದೆ ಎಂದಾಗ ಮಿಸ್ತ್ರಿಯವರು ಗಾಬರಿಯಾಗಿ, "ಜಹರ್ ಐತ್ರೀ ಅದು, ವಿಷಾ!" ಎಂದರು.

ಅತ್ತೆಯವರು ಗುಂಡಿ ತಿರುಗಿಸುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಹೊಸದಾಗಿ ಓಡಿಸುವವಳು, ರಸ್ತೆ ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸಿದವಳೇ ಅಲ್ಲ.

ಕಾರು ಮಾರಿದ ಐನಾಪುರದವರಿಗೆ ಫೋನು ಮಾಡಿ, ಹೀಟರ್ ಯಾವಾಗಿನಿಂದ ಹಾಳಾಗಿದೆ ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ. "ಹೀಟರ್? ಅದರಾಗ ಹೀಟರ್ ಐತೇನ್ರೀ ಅಕ್ಕಾರ?" ಎಂದರು, ನಿಜವಾದ ಬೆರಗಿನಿಂದ.

"ಹೀಟರಿನ ಎರಡೂ ಪೈಪ್ ಒಂದಕ್ಕೊಂದ ಜೋಡಿಸಿ ಬಿಡ್ತೇನ್ರಿ. ನಮ್ಮ ಕಡೆ ಹೀಟರ್ ಯಾರಿಗೆ ಬೇಕ್ರಿ?" ಎಂದರು ಮಿಸ್ತ್ರಿಯವರು.

"ನನಗ ಬೇಕು" ಎಂದರು ಅತ್ತೆಯವರು.

ನಾನು ಅಲ್ಲೇ, ಎಣ್ಣೆ ಬಿದ್ದ ನೆಲದ ಮೇಲೆ ನಿಂತು, "ತಪ್ಪಾತ್ರೀ ಅತ್ತಿ" ಎಂದೆ. ಅವರು ಕ್ಯಾನನ್ನು ನನ್ನ ಕೈಗೆ ಕೊಟ್ಟರು. "ಹಿಡಿ. ತೋಳು ಸೋತಾವ."

ಮೀರಜದಿಂದ ಹೀಟರಿನ ಭಾಗ ಬರಲು ಒಂದು ವಾರ ಹಿಡಿಯಿತು. ಡ್ಯಾಶ್‌ಬೋರ್ಡು ಪೂರ್ತಿ ಬಿಚ್ಚಿ ಮತ್ತೆ ಕೂಡಿಸಿದ ಮೇಲೆ ಎರಡು ಸ್ಕ್ರೂ ಉಳಿದವು. ಕಂಪನಿಯವರು ಹೆಚ್ಚೇ ಹಾಕಿರುತ್ತಾರೆ ಎಂದು ಮಿಸ್ತ್ರಿಯವರು ಸಮಾಧಾನ ಹೇಳಿದರು.

ಅತ್ತೆಯವರು ಮತ್ತೆ ನನ್ನ ಜೊತೆ ಬಂದ ಮೊದಲ ದಿನ, ಅಲಖನೂರದಲ್ಲಿ ಗಾಡಿ ಆರಿದ ಮೇಲೆ ಬಾನೆಟ್ ಎತ್ತಿ ನೋಡಿದೆ. ನೀರು ಮೇಲಿನ ಗೆರೆಯಲ್ಲೇ ಇತ್ತು. ಓಡಿಹೋಗಿ ಹೇಳಿದೆ. ಅವರು ತಂಗಿಯ ಪಡಸಾಲೆಯಲ್ಲಿ ಕಾಲು ಚಾಚಿ ಕೂತು, ತಲೆಯಾಡಿಸಿದರು.

"ನೀರಿಂದು ಆತು. ಗೇರ್ ಹಾಕೂ ಮುಂದ ಕರ್‍ರ್ ಅಂತೈತಲ್ಲ, ಅದನ್ನೂ ಆ ಮಿಸ್ತ್ರಿಗೆ ತೋರಸು."

ಅದು ಗಾಡಿಯ ತಪ್ಪಲ್ಲ, ಕ್ಲಚ್ ಪೂರ್ತಿ ಒತ್ತದ ನನ್ನ ಎಡಗಾಲಿನದು. ತೋರಿಸುತ್ತೇನೆ ಎಂದೆ.