ತಾಮ್ರದ ಕೊಡ, ಗಂಧಕದ ಗುಳಿಗೆ

ನಾನು ಪಿಎಚ್‌ಡಿಗೆ ಏನು ಮಾಡುತ್ತಿದ್ದೇನೆಂದು ಮನೆಯವರಿಗೆ ತಿಳಿಸಿ ಹೇಳಲು ನನಗೆ ಎಂದೂ ಆಗಲಿಲ್ಲ. ತಾಮ್ರದ ಒಂದು ಪರಮಾಣುವನ್ನು ಗಂಧಕವುಳ್ಳ ಅಣುಗಳು ಸುತ್ತಲಿಂದ ಹೇಗೆ ಹಿಡಿದುಕೊಳ್ಳುತ್ತವೆ ಎಂಬುದೇ ನನ್ನ ಐದು ವರ್ಷದ ಕೆಲಸ. ಮುಚ್ಚಳಕ್ಕೆ ಸೂಜಿಯಿಂದ ತೂತು ಹಾಕಿದ ಶೀಶೆಗಳಲ್ಲಿ ಹರಳು ಕಟ್ಟಲೆಂದು ವಾರಗಟ್ಟಲೆ ಕಾಯುತ್ತಿದ್ದೆ. ಕಟ್ಟಿದ ಹರಳಿಗೆ ಎಕ್ಸ್-ರೇ ಹಾಯಿಸಿ, ತಾಮ್ರಕ್ಕೂ ಗಂಧಕಕ್ಕೂ ನಡುವಿನ ಅಂತರ ಅಳೆಯುತ್ತಿದ್ದೆ.

"ಅಷ್ಟ್ ಸಣ್ಣದನ್ನ ಅಳದು ಏನ್ ಮಾಡ್ತಿ ಬೇ?" ಎಂದು ಅವ್ವ ಕೇಳಿದ ಮೇಲೆ, ಹುಬ್ಬಳ್ಳಿಯಿಂದ ಒಂದು ತಾಮ್ರದ ಕೊಡ ತಂದುಕೊಟ್ಟೆ. ಇದರ ನೀರು ಕುಡಿದರೆ ಒಳ್ಳೆಯದು ಎಂದೆ. ಎಲ್ಲರೂ ಹೇಳುವ ಮಾತೇ. ಆದರೆ ನಾನು ಹೇಳಿದ್ದರಿಂದ ಅದಕ್ಕೆ ಕಾಲೇಜಿನ ಮುದ್ರೆ ಬಿತ್ತು.

ಕಲಘಟಗಿಯಲ್ಲಿ ನಮ್ಮ ಮನೆಯವರ ಕಸುಬು ತೊಟ್ಟಿಲಿಗೆ ಬಣ್ಣ ಹಾಕುವುದು. ಅಪ್ಪ ಬಣ್ಣ ತುಂಬುತ್ತಾನೆ, ತೊಟ್ಟಿಲ ಮೇಲಿನ ದೇವರ ಚಿತ್ರಗಳಿಗೆ ಕಣ್ಣು ಬರೆಯುವವಳು ನನ್ನ ತಂಗಿ. ಒಂದು ದಿನ ಅವಳು ಬರೆದ ಕಣ್ಣಿನ ಗೆರೆ ಅಲುಗಿತು. ಆಮೇಲೆ ದಿನಾ ಅಲುಗತೊಡಗಿತು. "ನಿಶ್ಶಕ್ತಿ ಆಗೇತಿ" ಎಂದು ಅವ್ವ, ಕೊಡದ ನೀರು ಒಂದು ಲೋಟ ಕೊಡುತ್ತಿದ್ದವಳು ಎರಡು ಕೊಡತೊಡಗಿದಳು. ರಜೆಗೆ ಹೋದಾಗ ನಾನೇ ಲೋಟ ತುಂಬಿ ಕೊಟ್ಟಿದ್ದೇನೆ.

ಹುಬ್ಬಳ್ಳಿಯ ಡಾಕ್ಟರು ಅವಳ ಕಣ್ಣಿಗೆ ಬೆಳಕು ಹಿಡಿದು, ಕಪ್ಪು ಗುಡ್ಡೆಯ ಅಂಚಿಗೆ ಕಟ್ಟಿದ ಕಂದು ಉಂಗುರ ತೋರಿಸಿದರು. ತಾಮ್ರವನ್ನು ಹೊರಹಾಕಲು ದೇಹಕ್ಕೆ ಬಾರದ, ಹುಟ್ಟಿನಿಂದ ಬಂದ ರೋಗವಂತೆ. "ಕೊಡದಿಂದ ಬಂದದ್ದಲ್ರಿ ಇದು. ಆದ್ರ ಇನ್ಮ್ಯಾಲೆ ಆ ನೀರು ಬ್ಯಾಡ್ರಿ" ಎಂದರು. ಬರೆದುಕೊಟ್ಟ ಗುಳಿಗೆಯ ಹೆಸರು ನನಗೆ ಗೊತ್ತಿದ್ದದ್ದೇ. ಅದರಲ್ಲಿರುವುದು ಗಂಧಕವುಳ್ಳ ಅಣು. ತಾಮ್ರವನ್ನು ಹಿಡಿದು ಮೂತ್ರದಲ್ಲಿ ಹೊರಗೆ ಒಯ್ಯುತ್ತದೆ. ನನ್ನ ಪ್ರಬಂಧದ ಮೂರನೇ ಅಧ್ಯಾಯ ಪೂರ್ತಿ ಅದರದೇ.

ಆರು ತಿಂಗಳಾಯಿತು. ಗುಳಿಗೆ ಶುರುವಾದ ಮೇಲೆ ನಡುಕ ಹೆಚ್ಚೇ ಆಯಿತು. ಹಾಗೂ ಆಗುವುದುಂಟು ಎಂದರು ಡಾಕ್ಟರು. ಕೈ ಮೊದಲಿನಂತಾಗುತ್ತದೆಯೇ ಎಂದರೆ ಅವರಿಗೂ ಗೊತ್ತಿಲ್ಲ. ಗಂಧಕ ತಾಮ್ರವನ್ನು ಯಾವ ಕೋನದಲ್ಲಿ ಹಿಡಿಯುತ್ತದೆಂದು ನಾನು ಹೇಳಬಲ್ಲೆ, ಬೇಗ ಹಿಡಿ ಎಂದು ಅದಕ್ಕೆ ಹೇಳಲಾರೆ. ನನಗೆ ನನ್ನ ಮೇಲೇ ಸಿಟ್ಟು.

ಹೋದ ವಾರ ಒಂದು ತೊಟ್ಟಿಲು, ಎಲ್ಲ ಬಣ್ಣ ಮುಗಿದು, ಕಣ್ಣು ಬರೆಯುವುದಷ್ಟೇ ಉಳಿದು ನಿಂತಿತ್ತು. ಅಪ್ಪನಿಗೆ ಈಗ ಸಣ್ಣ ಗೆರೆ ಕಾಣುವುದಿಲ್ಲ. ತಂಗಿ ಕುಂಚವನ್ನು ಬಣ್ಣದಲ್ಲಿ ಅದ್ದಿ, ನಡುಗುತ್ತಲೇ ತಂದು ನನ್ನ ಕೈಗಿಟ್ಟಳು.

"ನಿನ್ನ ಕೈ ನಡಗೂದಿಲ್ಲಲ್ಲ ಅಕ್ಕಾ, ನೀ ಬರಿ."

ನಡುಗಲಿಲ್ಲ, ನಿಜ. ಆದರೆ ಗೆರೆಯನ್ನು ಎಲ್ಲಿಂದ ಎತ್ತಿ ಎಲ್ಲಿಗೆ ಎಳೆಯಬೇಕೆಂದು ನನಗೆ ಗೊತ್ತಿರಲಿಲ್ಲ. ಕುಂಚದ ಬಣ್ಣ ಒಣಗುವವರೆಗೂ ಹಿಡಿದೇ ಕೂತಿದ್ದೆ.